ನಡುವಿನಿಂದ ಹೊರಗೆ

ನಮ್ಮ ಮಾವನಿಗೆ ಎತ್ತರದ ಹುಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಅವರ ಕಸುಬೇ ಅಂಥದ್ದು. ಮೀಸೆ ಚಿಗುರಿದ ವಯಸ್ಸಿನಿಂದ ನಿವೃತ್ತಿಯಾಗುವವರೆಗೆ ಊರಿನ ಆಟದ ಮೈದಾನದ ಹುಲ್ಲು ನೋಡಿಕೊಂಡವರು. ಹುಲ್ಲು ಕಾಲ್ಬೆರಳ ಉಗುರು ಮುಚ್ಚುವಷ್ಟು ಎದ್ದರೆ ಸಾಕು, ಯಂತ್ರ ಹೊರಗೆ ಬರುತ್ತಿತ್ತು. ಜೇಬಿನಲ್ಲಿ ಸದಾ ಅಳತೆಪಟ್ಟಿ ಇರುತ್ತಿದ್ದುದರಿಂದ ಮೈದಾನದವರೆಲ್ಲ ಅವರನ್ನು ಇಂಚುಪಟ್ಟಿ ಎಂದೇ ಕರೆಯುತ್ತಿದ್ದರು. ಅವರಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ.

ಅತ್ತೆಗೆ ಹುಲ್ಲೆಂದರೆ ಹಸುವಿನ ಹೊಟ್ಟೆ, ಬೇರೇನೂ ಅಲ್ಲ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಐದು ಹಸು ಸಾಕಿದ್ದರು. ಹೋದ ಬೇಸಗೆಯಲ್ಲಿ ಹಿಡಿ ಹಸಿರು ಸಿಗದೆ ಅವುಗಳಲ್ಲಿ ಎರಡನ್ನು ಪಕ್ಕದೂರಿನ ತಮ್ಮನ ಮನೆಗೆ ಸಾಗಹಾಕಬೇಕಾಯಿತು. ಈ ಬೇಸಗೆಯೂ ಹಾಗೇ ಆದರೆ ಉಳಿದ ಮೂರನ್ನೂ ಕಳಿಸಿಬಿಡೋಣ ಎಂದು ಮನೆಯಲ್ಲಿ ಮಾತಾಗಿತ್ತು. ಮಾತಾಡಿದವರು ನಾವು, ಕೇಳಿಸಿಕೊಂಡವರು ಅತ್ತೆ. ಅವತ್ತು ಅವರು ಊಟಕ್ಕೆ ಕೂರಲಿಲ್ಲ. ಎಲ್ಲಾದರೂ ಒಂದಿಷ್ಟು ನೆಲ ಸಿಕ್ಕಿ ಮೇವು ಬೆಳೆದರೆ ಐದೂ ಮನೆಯಲ್ಲಿ, ಇಲ್ಲದಿದ್ದರೆ ಕೊಟ್ಟಿಗೆಯೇ ಖಾಲಿ. ಲೆಕ್ಕ ಅಷ್ಟು ನೇರವಾಗಿತ್ತು.

ನಾನು ಈ ಮನೆಯ ಸೊಸೆ, ಶಾಲೆಯ ಬಸ್ಸು ಓಡಿಸುತ್ತೇನೆ. ತಾಳ್ಮೆ ನನ್ನ ಹತ್ತಿರ ಸುಳಿಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎದುರಿನ ಗಾಡಿ ಒಂದು ಕ್ಷಣ ತಡವಾಗಿ ಹೊರಟರೂ ಹಾರನ್ನಿನ ಮೇಲೆ ಕೈ ಹೋಗುತ್ತದೆ. ಹೊಲದ ಮಾತೆತ್ತಿದವಳೂ ನಾನೇ. ನನ್ನ ಬಸ್ಸಿನ ದಾರಿಯಲ್ಲಿ, ನಮ್ಮ ಮನೆಗೆ ಕೂಗಳತೆಯಲ್ಲಿ, ಒಂದು ಹೊಲ ಕಳೆ ಬೆಳೆದು ಸುಮ್ಮನೆ ಬಿದ್ದಿತ್ತು. ಅದು ಟೆಲಿಫೋನಮ್ಮನದು. ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುವ ಕೆಲಸ ಮಾಡಿ ನಿವೃತ್ತರಾದ, ಒಂಟಿಯಾಗಿರುವ ಹೆಂಗಸು. ಕಣ್ಣು ಮಂಜಾಗಿದ್ದರೂ ಕಿವಿ ಮಾತ್ರ ಚೂಪು. ಬಾಗಿಲು ತಟ್ಟುವ ರೀತಿಯಲ್ಲೇ ಬಂದವರು ಯಾರೆಂದು ಹೇಳುತ್ತಾರೆ.

ಅತ್ತೆಯನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅವರು ಹೊಲ ಕೊಡುವುದಿಲ್ಲವೆಂದೇ ಮಾತು ಶುರುಮಾಡಿದರು. ಆ ಹೊಲದಲ್ಲಿ ಲಾವಕ್ಕಿಗಳಿದ್ದವಂತೆ, ಬೆಳಗಾದರೆ ಅವುಗಳ ಕೂಗು ಕಿಟಕಿಗೆ ಬರುತ್ತಿತ್ತಂತೆ. ಹಿಂದೆ ಹೊಲ ಮಾಡಿದವರು ಸುತ್ತಲಿನಿಂದ ಕೊಯ್ಯುತ್ತ ಕೊಯ್ಯುತ್ತ ಒಳಗೆ ಬಂದರು. ಹಕ್ಕಿಗಳು ಬಯಲಿಗೆ ಬರಲು ಹೆದರಿ, ನಿಂತ ಹುಲ್ಲಿನಲ್ಲೇ ನಡುವಿಗೆ ಸರಿಯುತ್ತ ಹೋದವು. ಕೊನೆಗೆ ಉಳಿದ ಒಂದು ತುಂಡು ಹುಲ್ಲಿನಲ್ಲಿ ಎಲ್ಲವೂ ಸೇರಿದ್ದವು, ಯಂತ್ರ ಅದರ ಮೇಲೂ ಹೋಯಿತು. ಅವತ್ತು ಟೆಲಿಫೋನಮ್ಮ ಕಿಟಕಿ ಮುಚ್ಚಿದರು. ಅಲ್ಲಿಂದ ಹೊಲ ಯಾರಿಗೂ ಕೊಟ್ಟಿಲ್ಲ.

ಅತ್ತೆ ಅವರನ್ನು ಬೇಡಲಿಲ್ಲ, ಒಪ್ಪಿಸಲೂ ಹೋಗಲಿಲ್ಲ. ಈಗ ಅಲ್ಲಿ ಹಕ್ಕಿ ಉಂಟೇ ಎಂದು ಕೇಳಿದರು. ಒಂದೆರಡು ಉಳಿದಿವೆ, ಆದರೆ ಕಳೆಯಲ್ಲಿ ಕಾಳಿಲ್ಲ, ಹೊಟ್ಟೆಗಿಲ್ಲ ಎಂದರು ಟೆಲಿಫೋನಮ್ಮ. ಹಾಗಾದರೆ ಅವಕ್ಕೂ ಸೇರಿಸಿ ಬಿತ್ತುತ್ತೇವೆ ಎಂದರು ಅತ್ತೆ. ಟೆಲಿಫೋನಮ್ಮ ಷರತ್ತು ಹೇಳಿದರು.

"ಕೊಯ್ಯೋ ದಿನ ಕುರ್ಚಿ ಹಾಕಿಸ್ಕೊಂಡು ಬದುವಿನ ಮೇಲೆ ಕೂತ್ಕೋತೀನಿ. ಒಂದೇ ಒಂದು ಹಕ್ಕಿ ಸತ್ರೂ ಹೊಲ ವಾಪಸ್. ಸಾಯ್ಲಿಲ್ಲ ಅಂದ್ರೆ, ನಿಮ್ಮ ಕೊಟ್ಟಿಗೇಲಿ ಹಸು ಇರೋವರೆಗೂ ಹೊಲ ನಿಮ್ಮದೇ."

ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅತ್ತೆ ಮಾತ್ರ ದಾರಿಯುದ್ದಕ್ಕೂ ಬೆರಳು ಮಡಚುತ್ತ ಬಿಡಿಸುತ್ತ ಬಂದರು. ಬಿಸಿಲಲ್ಲಿ ಮೇಯಲು ಹಸಿರು ಬೇಕು, ಹಸು ಹೊರಗೆ ಬಿಡಲಾಗದ ಮಳೆಗಾಲಕ್ಕೆ ಕೂಡಿಡಲು ಒಣಹುಲ್ಲು ಬೇಕು, ಹಕ್ಕಿಗೆ ಕಾಳು ಬೇಕು. ಹೊಲ ಒಂದೇ, ಕಾಲವೂ ಒಂದೇ.

ಮರುದಿನ ಬೀಜದಂಗಡಿಗೆ ಹೋದೆವು. ಅಂಗಡಿಯಾಕೆ ನನ್ನ ಗಂಡನ ಜೊತೆ ಓದಿದವಳು, ಬಾಯಿ ಜೋರು, ತೂಕ ಸರಿ. ಬಾಯಿ ತೆರೆದಿಟ್ಟ ಚೀಲಗಳು ಗೋಡೆಯುದ್ದಕ್ಕೂ ಕೂತಿದ್ದವು, ಒಳಗೆಲ್ಲ ಗೋಣಿಯ ವಾಸನೆ, ಕಾಲಿಟ್ಟಲ್ಲಿ ಕಾಳು. ನನಗೆ ಕಂಡ ಚೀಲದೊಳಗೆಲ್ಲ ಮೊಣಕೈವರೆಗೆ ಕೈ ಇಳಿಸುವ ಆಸೆ. ಇಳಿಸಿಯೂ ಬಿಟ್ಟೆ. ಆಕೆ ಮೇವಿನ ಜೋಳವನ್ನು ಹೊಗಳಿದ್ದೇ ಹೊಗಳಿದ್ದು. ಆಳೆತ್ತರ ಬೆಳೆಯುತ್ತದೆ, ಕೊಯ್ದಷ್ಟೂ ಬರುತ್ತದೆ, ಒಂದನ್ನು ಬಿತ್ತಿದರೆ ಇನ್ನೊಂದು ಬೇಡ. ನಾನು ಆಗಲೇ ಮನಸ್ಸಿನಲ್ಲಿ ಚೀಲ ಎತ್ತಿ ಬಸ್ಸಿಗೆ ಹಾಕಿಯಾಗಿತ್ತು. ಮಾವನಂತೂ ಆಳೆತ್ತರ ಎಂಬ ಮಾತಿಗೇ ಬೆವರಿ ಅಂಗಡಿಯ ಹೊರಗೆ ಹೋಗಿ ನಿಂತರು.

ಅತ್ತೆ ಬೇಡವೆಂದರು. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಮೊದಲ ಹಸು ಜೋಳದ ಎಳೆ ಚಿಗುರು ತಿಂದು ಸತ್ತಿತ್ತು. ಒಣಗಿ ಬಾಡಿದ ಜೋಳ ಒಂದು ಮಳೆಗೆ ಮತ್ತೆ ಚಿಗುರಿದಾಗ ಅದರಲ್ಲಿ ವಿಷ ಇರುತ್ತದೆ, ಬೆಳೆದ ಮೇಲೆ ಇಳಿಯುತ್ತದೆ. ತಿಳಿದವರು ಕಾಯುತ್ತಾರೆ, ಹಸು ಕಾಯುವುದಿಲ್ಲ. ನಮ್ಮ ಹೊಲಕ್ಕೆ ಬೇಲಿ ಗಟ್ಟಿಯಿಲ್ಲ ಎಂದರು ಅತ್ತೆ. ಅಂಗಡಿಯಾಕೆ ಜೋಳದ ಚೀಲದ ಬಾಯಿ ಸುತ್ತಿದಳು.

ಆಮೇಲೆ ನಡೆದ ಚರ್ಚೆ ಮದುವೆಗೆ ಹೆಣ್ಣು ನೋಡುವಾಗಿನ ಚರ್ಚೆಗಿಂತ ಜೋರಾಗಿತ್ತು. ಒಬ್ಬೊಬ್ಬರ ಗುಣ, ದೋಷ, ಹೊಂದಾಣಿಕೆ. ಸಜ್ಜೆಗೆ ಆ ವಿಷವಿಲ್ಲ, ಬಿಸಿಲು ತಡೆಯುತ್ತದೆ, ಮೇಯಿಸಿದರೆ ಮತ್ತೆ ಚಿಗುರುತ್ತದೆ. ಆದರೆ ದಂಟು ದಪ್ಪ, ಬೇಗ ಒಣಗುವುದಿಲ್ಲ. ನವಣೆ ಮತ್ತೆ ಚಿಗುರುವುದಿಲ್ಲ, ಒಂದೇ ಕೊಯ್ಲು. ಆದರೆ ದಂಟು ಸಣ್ಣ, ಬಿಸಿಲಿಗೆ ಹರವಿದರೆ ಬೇಗ ಒಣಹುಲ್ಲು. ಕೊರಲೆ ಕಡಿಮೆ ದಿನದಲ್ಲಿ ಕಾಳು ಕಟ್ಟಿ ತಾನೇ ಉದುರಿಸುತ್ತದೆ, ರೈತ ಅದಕ್ಕೇ ಬೈಯುತ್ತಾನೆ, ಹಕ್ಕಿ ಅದಕ್ಕೇ ಬರುತ್ತದೆ. ಕೊನೆಗೆ ಮೇಯಲು ಸಜ್ಜೆ, ಕೂಡಿಡಲು ನವಣೆ, ಬದುವಿನ ಸುತ್ತ ಹಕ್ಕಿಗೆ ಕೊರಲೆ ಎಂದು ತೀರ್ಮಾನವಾಯಿತು. ಮೂರು ಚೀಲ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವು. ಮೂವರು ಹೊಸ ಮಕ್ಕಳನ್ನು ಶಾಲೆಗೆ ಸೇರಿಸಿದಷ್ಟು ಖುಷಿ ನನಗೆ.

ನೆಲ ಹದ ಮಾಡಿದ್ದು ಮಾವ, ಅದನ್ನು ನೋಡಬೇಕಿತ್ತು ನೀವು. ಉತ್ತ ಮಣ್ಣನ್ನು ಹೆಂಟೆ ಒಂದೂ ಉಳಿಯದಂತೆ ಒಡೆದರು. ಮೈದಾನದಿಂದ ಉರುಳೆ ಎರವಲು ತಂದು ಎಳೆದರು, ಬಗ್ಗಿ ನೋಡಿದರು, ಮತ್ತೆ ಎಳೆದರು. ಇಷ್ಟು ಸಣ್ಣ ಬೀಜಕ್ಕೆ ನೆಲ ಬಿಗಿಯಾಗಿ ನುಣುಪಾಗಿರಬೇಕು, ಹೆಜ್ಜೆ ಊರಿದರೆ ಹಿಮ್ಮಡಿ ಹೂತುಹೋಗಬಾರದು ಎಂದು ಬೀಜದಂಗಡಿಯಾಕೆ ಹೇಳಿದ್ದಳು. ಅದು ಮಾವನಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಬಿತ್ತಿದ ಮೇಲೆ ಒಂದು ಹದಮಳೆ ಬಂತು. ಅದಾದ ಕೆಲವೇ ದಿನಗಳಲ್ಲಿ ನಾನು ಮಕ್ಕಳನ್ನು ಇಳಿಸಿ ಬರುವಾಗ ಹೊಲ ಹಸಿರು ಬಿದ್ದಿತ್ತು. ಒಂದು ಬೋಳು ಚುಕ್ಕೆಯಿಲ್ಲ. ಬಸ್ಸು ನಿಲ್ಲಿಸಿ, ಖಾಲಿ ರಸ್ತೆಯಲ್ಲಿ ಸುಮ್ಮಸುಮ್ಮನೆ ಹಾರನ್ ಬಾರಿಸಿದೆ. ಅತ್ತೆ ಕೈಯಲ್ಲಿದ್ದ ಬಕೆಟ್ ಅಲ್ಲೇ ಬಿಟ್ಟು ಓಡಿಬಂದರು. ಇಂಥ ಮೊಳಕೆ ಜನ್ಮದಲ್ಲಿ ನೋಡಿಲ್ಲ ಎಂದು ಅವರು ಹೇಳಿದಾಗ ಮಾವ ಉರುಳೆಯ ಹಿಡಿಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು.

ಆಮೇಲೆ ಬೆಳೆ ನಿಲ್ಲಲೇ ಇಲ್ಲ. ಬೆಳಗ್ಗೆ ಹೋಗುವಾಗ ಒಂದು ಎತ್ತರ, ಸಂಜೆ ಬರುವಾಗ ಇನ್ನೊಂದು. ಬಿಸಿಲು ಏರಿದಷ್ಟೂ ಸಜ್ಜೆಗೆ ಹುಮ್ಮಸ್ಸು. ಬಸ್ಸಿನ ಮಕ್ಕಳು ಕಿಟಕಿಗೆ ಮುಗಿಬಿದ್ದು ನೋಡತೊಡಗಿದರು. ಅತ್ತೆಗೆ ಧೈರ್ಯ ಬಂತು. ತಮ್ಮನ ಮನೆಯ ಎರಡು ಹಸುಗಳನ್ನೂ ವಾಪಸ್ ತಂದುಬಿಡುತ್ತೇನೆ ಎಂದರು. ಸಜ್ಜೆ ಸೊಂಟಕ್ಕೆ ಬಂದ ಕೂಡಲೇ ಐದನ್ನೂ ಬಿಡುವುದು, ಮೊಣಕಾಲಿನ ಕೆಳಗೆ ಇಳಿಯುವಷ್ಟರಲ್ಲಿ ಹೊರಗೆ ಹೊಡೆಯುವುದು, ಮತ್ತೆ ಚಿಗುರಲು ಬಿಡುವುದು. ಹೀಗೆ ಮಳೆಗಾಲದವರೆಗೆ ತಳ್ಳಬಹುದು.

ಈ ಸಂಭ್ರಮದಲ್ಲಿ ಮಾವನ ಕಡೆ ಯಾರೂ ನೋಡಲಿಲ್ಲ. ಅವರು ದಿನಾ ಬದುವಿನ ಮೇಲೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ತೊನೆಯುವ ಸಜ್ಜೆಯನ್ನು ನೋಡುತ್ತಿದ್ದರು. ಒಬ್ಬೊಬ್ಬರಿಗೆ ಸೊಟ್ಟಗೆ ನೇತುಹಾಕಿದ ಪಟ ಕಂಡರೆ ಹೇಗೋ, ಇವರಿಗೆ ಹಾಗೆ.

ಅತ್ತೆ ಮತ್ತು ನನ್ನ ಗಂಡ ಲಾರಿಯಲ್ಲಿ ಹಸು ತರಲು ಹೋದ ದಿನ ಅದು ನಡೆಯಿತು. ಮಧ್ಯಾಹ್ನ ಮಕ್ಕಳನ್ನು ತುಂಬಿಕೊಂಡು ತಿರುವಿನಲ್ಲಿ ಬಂದೆ. ಸಜ್ಜೆಯ ಅರ್ಧ ಇರಲಿಲ್ಲ. ಅಲ್ಲಿ ಒಂದು ಆಟದ ಮೈದಾನವಿತ್ತು. ಒಂದು ಪಟ್ಟೆ ತಿಳಿಹಸಿರು, ಒಂದು ಪಟ್ಟೆ ಕಡುಹಸಿರು, ನೂಲು ಹಿಡಿದಂತೆ. ಬಸ್ಸಿನಲ್ಲಿ ಮಕ್ಕಳಿದ್ದುದರಿಂದ ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು. ಮಕ್ಕಳು ಮಾತ್ರ ಚಪ್ಪಾಳೆ ತಟ್ಟಿದರು.

ಎಲ್ಲರನ್ನೂ ಇಳಿಸಿ ಓಡಿಬಂದಾಗ ಮಾವ ಮೈದಾನದಿಂದ ತಂದ, ಮೇಲೆ ಕೂತು ಓಡಿಸುವ ಯಂತ್ರದ ಪಕ್ಕ ನಿಂತು ಬೆವರು ಒರೆಸುತ್ತಿದ್ದರು. ಮುಖದಲ್ಲಿ ಬಹಳ ದಿನಗಳ ಮೇಲೆ ಬೆಳಕಿತ್ತು. ಕೊಯ್ದ ಸಜ್ಜೆಯನ್ನು ಅಂದವಾಗಿ ಕಂತೆ ಕಟ್ಟಿಟ್ಟಿದ್ದರು.

"ನಿಮ್ಮತ್ತೆ ಬರೋದ್ರೊಳಗೆ ಪೂರ್ತಿ ಮುಗಿಸ್ಬೇಕು ಅಂದ್ಕೊಂಡಿದ್ದೆ. ಪೆಟ್ರೋಲು ಮುಗಿದೋಯ್ತು. ಇನ್ನೆರಡು ಹಸು ಬರ್ತಿವೆಯಲ್ಲಮ್ಮ, ಬುಡಕ್ಕೆ ಕತ್ತರಿಸಿದಷ್ಟೂ ದಟ್ಟವಾಗಿ ಏಳುತ್ತೆ," ಎಂದರು.

ಅವರು ಒಳ್ಳೆಯದಕ್ಕೇ ಮಾಡಿದ್ದರು, ಅದೇ ನನ್ನ ಕೋಪವನ್ನು ಎತ್ತಲೂ ಆಗದಂತೆ, ಇಳಿಸಲೂ ಆಗದಂತೆ ಮಾಡಿದ್ದು. ಮೈದಾನದ ಹುಲ್ಲಿಗೆ ಜೀವ ಬುಡದಲ್ಲಿರುತ್ತದೆ, ಎಷ್ಟು ಬೋಳಿಸಿದರೂ ಬರುತ್ತದೆ. ಸಜ್ಜೆಗೆ ಜೀವ ದಂಟಿನ ಗೆಣ್ಣಿನಲ್ಲಿ. ಗೇಣುದ್ದ ಮೋಟು ಬಿಟ್ಟರೆ ಗೆಣ್ಣಿನಿಂದ ಚಿಗುರು ಬರುತ್ತದೆ, ಗೆಣ್ಣನ್ನೇ ತೆಗೆದರೆ ಅಲ್ಲಿಗೆ ಮುಗಿಯಿತು. ಜೀವಮಾನವೆಲ್ಲ ಒಂದೇ ಹುಲ್ಲಿನೊಡನೆ ಬಾಳಿದವರಿಗೆ ಇದು ಹೊಳೆಯಲೇ ಇಲ್ಲ. ನಾನು ಹೇಳಿದಾಗ ಅವರು ನಂಬಲಿಲ್ಲ. ಬಗ್ಗಿ ಒಂದು ಮೋಟನ್ನು ಬೆರಳಿನಲ್ಲಿ ಸವರಿ ನೋಡಿದರು.

ಅಷ್ಟರಲ್ಲಿ ಲಾರಿ ಬಂತು. ಎರಡು ಹಸುಗಳೂ ತಲೆ ಹೊರಗೆ ಚಾಚಿದ್ದವು. ಅತ್ತೆ ಮುಂದಿನ ಸೀಟಿನಿಂದ ಇಳಿದವರು ನಗುತ್ತಲೇ ಇಳಿದರು. ಹೊಲ ನೋಡಿದರು. ಬೈಯಲಿಲ್ಲ. ಹಸುಗಳನ್ನು ಹಿಡಿದುಕೊಂಡು ಮನೆಯ ಕಡೆ ನಡೆದರು.

ಅವತ್ತಿನಿಂದ ಅತ್ತೆ ಮಾವನ ಹತ್ತಿರ ಮಾತು ಬಿಟ್ಟರು. ದಿನಕ್ಕೆ ಅದೆಷ್ಟು ಸಲ "ರೀ" ಎಂದು ಕರೆಯುತ್ತಿದ್ದರೋ, ಅದು ಮನೆಯಿಂದ ಪೂರ್ತಿ ಮಾಯವಾಯಿತು. ಎಲ್ಲವೂ ನನ್ನ ಮೂಲಕವೇ ಹೋಗಬೇಕು. ನಿಮ್ಮ ಮಾವನಿಗೆ ಚಹಾ ಆರುತ್ತಿದೆ ಎಂದು ಹೇಳು. ನಿಮ್ಮ ಮಾವನಿಗೆ ಕೊಟ್ಟಿಗೆಯ ಬಾಗಿಲು ಹಾಕಲು ಹೇಳು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಆಚೆ ಈಚೆ ಕೂತಿರುತ್ತಿದ್ದರು. ಟೆಲಿಫೋನಮ್ಮನ ಕೆಲಸ ನನಗೆ ಬಂದಿತ್ತು. ಒಮ್ಮೆ ತಲೆಕೆಟ್ಟು, ಇನ್ನು ಮೇಲೆ ಈ ಲೈನು ಕಟ್ಟಾಗಿದೆ ಎಂದುಬಿಟ್ಟೆ. ಅತ್ತೆ ನಗಲಿಲ್ಲ. ಮಾವ ಚಹಾ ಆರಿಸಿಕೊಂಡೇ ಕುಡಿದರು.

ಮಾವ ಸುಮ್ಮನೆ ಕೂರಲಿಲ್ಲ. ಮರುದಿನವೇ ಬೋಳಾದ ಅರ್ಧವನ್ನು ಕೆದಕಿ, ಉಳಿದ ಸಜ್ಜೆ ಬೀಜ ಬಿತ್ತಿ, ಉರುಳೆ ಎಳೆದರು. ಮಳೆ ಬರಲಿಲ್ಲವೆಂದು ಬಾವಿಯಿಂದ ಕೊಡದಲ್ಲಿ ನೀರು ಹೊತ್ತರು. ನೀರು ಬಿಟ್ಟಲ್ಲೆಲ್ಲ ಮೊಳಕೆ ಬಂತು. ಆದರೆ ಅದು ಮೇಯುವಷ್ಟಾಗಲು ಕಾಯಬೇಕು, ಹಸುಗಳಾದರೋ ಈಗ ಐದು. ನಿಂತ ಅರ್ಧ ಸಜ್ಜೆಯನ್ನು ಐದು ಬಾಯಿಗಳು ನೋಡನೋಡುತ್ತಿದ್ದಂತೆ ಇಳಿಸಿದವು. ಇನ್ನು ಎಲ್ಲ ನಂಬಿಕೆ ನವಣೆಯ ಮೇಲೆ ಬಿತ್ತು. ಮಳೆಗಾಲಕ್ಕೆಂದು ಇಟ್ಟುಕೊಂಡಿದ್ದ ಒಣಹುಲ್ಲಿಗೆ ಈಗಿನಿಂದಲೇ ಕೈ ಹಾಕಬೇಕಾಗಿತ್ತು. ಒಂದು ತೋಳು ಹುಲ್ಲೂ ದಂಡವಾಗುವಂತಿರಲಿಲ್ಲ.

ನವಣೆ ನಮ್ಮ ಕೈಬಿಡಲಿಲ್ಲ. ಮಂದವಾಗಿ, ಎದೆಯ ಹತ್ತಿರಕ್ಕೆ ಬೆಳೆದು ನಿಂತಿತ್ತು. ಬದುವಿನ ಸುತ್ತ ಕೊರಲೆ ಕಾಳು ಕಟ್ಟಿತ್ತು. ಒಂದು ಬೆಳಗ್ಗೆ ಟೆಲಿಫೋನಮ್ಮ ಕಿಟಕಿ ತೆಗೆದದ್ದು ಬಸ್ಸಿನಿಂದ ಕಂಡಿತು. ನಾನು ಎಂಜಿನ್ ಆರಿಸಿ ಕಿವಿಗೊಟ್ಟೆ. ನವಣೆಯ ಒಳಗಿನಿಂದ ಲಾವಕ್ಕಿ ಕೂಗುತ್ತಿತ್ತು. ಅದಕ್ಕೆ ಕೊರಲೆಯಿಂದ ಇನ್ನೊಂದು, ಆಮೇಲೆ ಮತ್ತೊಂದು. ನನಗೆ ಮೈ ಜುಮ್ಮೆಂದಿತು. ಆದರೆ ಹಕ್ಕಿ ಹೆಚ್ಚಿದಷ್ಟೂ ಕೊಯ್ಯುವ ದಿನದ ಭಯ ಹೆಚ್ಚು.

ಆ ದಿನವನ್ನು ಮುಂದೆ ಹಾಕುವಂತೆಯೂ ಇರಲಿಲ್ಲ. ನವಣೆಯ ತೆನೆ ಅಲ್ಲಲ್ಲಿ ಇಣುಕಿತ್ತು. ಪೂರ್ತಿ ಹೊರಬಿದ್ದರೆ ಅದರ ಕೂದಲು ಬಿರುಸಾಗಿ ಹಸುವಿನ ಬಾಯಿಗೆ ಚುಚ್ಚುತ್ತದೆ, ದಂಟೂ ಗಟ್ಟಿಯಾಗಿ ಸೊಪ್ಪೆಯಾಗುತ್ತದೆ. ರೇಡಿಯೊದವರು ಬರುವ ವಾರವೆಲ್ಲ ಒಣ ಬಿಸಿಲು, ಆಮೇಲೆ ಮಳೆ ಎಂದರು. ಭಾನುವಾರ ಕೊಯ್ಲು ಎಂದು ಅತ್ತೆ ನಿರ್ಧರಿಸಿದರು. ನನ್ನ ಗಂಡ ಕೊಯ್ಯುವ ಅಲಗು ಜೋಡಿಸಿದ ಟ್ರ್ಯಾಕ್ಟರನ್ನು ಬಾಡಿಗೆಗೆ ತಂದ. ಓಡಿಸುವವಳು ನಾನು.

ಸುತ್ತಲಿನಿಂದ ಕೊಯ್ಯುವಂತಿಲ್ಲ. ಹಾಗಾದರೆ ಹೇಗೆ ಎಂದು ಹಿಂದಿನ ದಿನ ಅತ್ತೆ, ನನ್ನ ಗಂಡ, ನಾನು ಮೂವರೂ ತಲೆಕೆಡಿಸಿಕೊಂಡು ಕೂತಿದ್ದೆವು. ಮಾವ ಬಾಗಿಲ ಹತ್ತಿರ ನಿಂತು, ಯಾರ ಮುಖವನ್ನೂ ನೋಡದೆ ಮೆಲ್ಲಗೆ ಮಾತಾಡಿದರು. ಮೈದಾನದಲ್ಲಿ ಅವರು ಯಾವಾಗಲೂ ನಡುವಿನಿಂದ ಶುರುಮಾಡಿ ಸುತ್ತುತ್ತ ಹೊರಗೆ ಬರುತ್ತಿದ್ದರಂತೆ. ಹೊಲದಲ್ಲೂ ಹಾಗೇ ಮಾಡಿದರೆ ಹಕ್ಕಿಗಳು ನಿಂತ ಹುಲ್ಲಿನೊಳಗೆ ಮುಂದೆ ಮುಂದೆ ಸರಿದು ಬದುವಿನ ಕೊರಲೆ ಸೇರುತ್ತವೆ. ಅತ್ತೆ ಗೋಡೆ ನೋಡುತ್ತ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಹಾಗೇ ಮಾಡಲಿ ಎಂದು ನಿಮ್ಮ ಮಾವನಿಗೆ ಹೇಳು ಎಂದರು. ಹೇಳಿದೆ.

ಭಾನುವಾರ ಇಬ್ಬನಿ ಆರುವಷ್ಟರಲ್ಲಿ ಟೆಲಿಫೋನಮ್ಮನ ಕುರ್ಚಿ ಬದುವಿನ ಮೇಲೆ ಬಂದಿತ್ತು. ಮಾವನ ಹಳೆಯ ಜೊತೆಗಾರರಿಬ್ಬರು, ಇಂಚುಪಟ್ಟಿ ಹೊಲ ಕೊಯ್ಯುತ್ತಾನಂತೆ ಎಂದು ಕೇಳಿ ತಮಾಷೆ ನೋಡಲು ಬಂದಿದ್ದರು. ಮಾವ ಅಲಗಿನ ಎತ್ತರ ಹೊಂದಿಸಲು ಮಂಡಿಯೂರಿದರು. ನವಣೆ ಹೇಗಿದ್ದರೂ ಮತ್ತೆ ಚಿಗುರುವುದಿಲ್ಲ, ಎಷ್ಟು ಬೇಕಾದರೂ ತಗ್ಗಿಸಬಹುದಿತ್ತು. ಆದರೂ ಅವರು ಎಷ್ಟು ಬಿಡಲಿ ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದರು. ಒಂದು ಮುಷ್ಟಿ ಬಿಡಲಿ, ಕೊಯ್ದ ಹುಲ್ಲಿನಡಿ ಗಾಳಿ ಆಡಬೇಕು ಎಂದರು ಅತ್ತೆ, ನನ್ನ ಮೂಲಕ. ಮಾವ ಜೇಬಿಗೆ ಕೈ ಹಾಕಲಿಲ್ಲ. ಮುಷ್ಟಿಯನ್ನೇ ನೆಲಕ್ಕೆ ಊರಿ ಅಳೆದರು.

ಒಂದು ಸಾಲು ಕೊಯ್ದುಕೊಂಡು ನೇರ ನಡುವಿಗೆ ಹೋದೆ. ಅಲ್ಲಿಂದ ಸುತ್ತು ಶುರುವಾಯಿತು. ಮಾವ ಟ್ರ್ಯಾಕ್ಟರಿನ ಮುಂದೆ, ನವಣೆಯನ್ನು ಎರಡೂ ಕೈಯಲ್ಲಿ ಬಿಡಿಸುತ್ತ ನಡೆಯುತ್ತಿದ್ದರು. ಅವರ ನಡಿಗೆಯೇ ನನ್ನ ವೇಗ. ನನ್ನಂಥವಳಿಗೆ ಅದೊಂದು ಶಿಕ್ಷೆ, ಆದರೆ ಅವತ್ತು ಕೈ ಹಾರನ್ನಿನ ಹತ್ತಿರವೂ ಹೋಗಲಿಲ್ಲ. ಎರಡನೆಯ ಸುತ್ತಿನಲ್ಲೇ ಒಂದು ಲಾವಕ್ಕಿ ಮಾವನ ಕಾಲ ಬಳಿಯಿಂದ ಭರ್ರೆಂದು ಎದ್ದು ಕೊರಲೆಗೆ ಹಾರಿತು. ಬದುವಿನ ಮೇಲಿದ್ದವರ ಕೂಗು ಕೇಳಿಸಿತು. ಆಮೇಲೆ ಒಂದು ಮೊಲ ಓಡಿತು. ನಾನು ಸೀಟಿನಲ್ಲಿ ಕೂತಿದ್ದೆನೋ ನಿಂತಿದ್ದೆನೋ ನೆನಪಿಲ್ಲ.

ಇದ್ದಕ್ಕಿದ್ದಂತೆ ಮಾವ ಎರಡೂ ಕೈ ಎತ್ತಿದರು. ಬ್ರೇಕ್ ಒತ್ತಿದೆ. ಅಲಗು ಅವರ ಹಿಮ್ಮಡಿಗೆ ಒಂದು ಮಾರು ದೂರದಲ್ಲಿತ್ತು. ಇಳಿದು ಹೋಗಿ ಅವರ ತೋಳಿನಡಿಯಿಂದ ಇಣುಕಿದೆ. ನವಣೆಯ ಬುಡದಲ್ಲಿ, ಒಣಗಿದ ಎಲೆಗಳ ನಡುವೆ, ಮಣ್ಣಿನ ಬಣ್ಣದ ಹಕ್ಕಿ ಕೂತಿತ್ತು. ಏಳಲಿಲ್ಲ. ಕಣ್ಣು ಮಾತ್ರ ನಮ್ಮ ಮೇಲಿತ್ತು. ಅದರ ಎದೆಯ ಕೆಳಗಿನಿಂದ ಚುಕ್ಕೆ ಚುಕ್ಕೆಯ ಮೊಟ್ಟೆಯೊಂದು ಕಾಣುತ್ತಿತ್ತು.

ಮಾವ ಹಿಂದೆ ಹೆಜ್ಜೆಯಿಟ್ಟು ಬದುವಿಗೆ ಹೋದರು. ಹೊಲದ ಗಡಿ ಗುರುತಿಸಲು ತಂದಿಟ್ಟಿದ್ದ ಸುಣ್ಣದ ಪುಡಿಯ ಡಬ್ಬಿ, ಒಂದು ಗೂಟ, ಹಗ್ಗ ಹಿಡಿದು ಬಂದರು. ಗೂಟವನ್ನು ಗೂಡಿನ ಪಕ್ಕದಲ್ಲಿ ಮೆಲ್ಲಗೆ ಊರಿ, ಹಗ್ಗವನ್ನು ನವಣೆಯ ಮೇಲಿನಿಂದ ಹಿಡಿದು, ಸುತ್ತುತ್ತ ಸುಣ್ಣ ಉದುರಿಸಿದರು. ಆಟದ ಮೈದಾನದ ನಡುವೃತ್ತ ಎಳೆಯುವುದು ಹೀಗೆಯೇ. ಬೆಳೆದು ನಿಂತ ಹುಲ್ಲಿನಲ್ಲಿ ಎಳೆದರೂ ಒಂದು ಬೆರಳು ಆಚೆ ಈಚೆ ಇರಲಿಲ್ಲ. ಜೊತೆಗಾರರು ಬಿದ್ದು ಬಿದ್ದು ನಕ್ಕರು. ಒಂದು ಎಸಳು ಬಿಡದ ಇಂಚುಪಟ್ಟಿ ಹೊಲದ ನಡುವೆ ಜುಟ್ಟು ಬಿಡುತ್ತಿದ್ದಾನೆ ಎಂದು ಒಬ್ಬ ಕೂಗಿದ. ಮಾವ ಅತ್ತ ತಿರುಗಲೂ ಇಲ್ಲ. ಆದರೆ ವೃತ್ತವನ್ನು ಅವರು ಎಷ್ಟು ಚಿಕ್ಕದು ಮಾಡಬಹುದೋ ಅಷ್ಟು ಚಿಕ್ಕದು ಮಾಡಿದ್ದರು. ಅದು ಯಾಕೆಂದು ನನಗೆ ಗೊತ್ತಿತ್ತು. ಅರ್ಧ ಸಜ್ಜೆ ಕಳೆದವರು ಅವರು, ಅತ್ತೆಯ ಹುಲ್ಲಿನಲ್ಲಿ ಇನ್ನೊಂದು ಹಿಡಿ ಕಳೆಯಲು ಅವರಿಗೆ ಕೈ ಬರಲಿಲ್ಲ.

ಅತ್ತೆ ಕೊಯ್ದ ಸಾಲಿನ ಮೇಲೆ ಬರುವುದು ಕಂಡಿತು. ಬಂದು ಗೂಡು ನೋಡಿದರು, ಗೆರೆ ನೋಡಿದರು. ನಾನು ಎಂದಿನಂತೆ ನಡುವೆ ನಿಂತು, ಏನು ಹೇಳಲಿ ಎಂದು ಕೇಳಿದೆ. ಅವರು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು.

"ರೀ, ಚಿಕ್ಕದಾಯ್ತು. ಇನ್ನೊಂದು ಮಾರು ಅಗಲ ಮಾಡಿ. ಸುತ್ತ ಬಯಲಾದ್ರೆ ಅದು ಹೆದರಿ ಎದ್ದುಬಿಡುತ್ತೆ."

ಮಾವ ಹಗ್ಗ ಹಿಡಿದು ಹಾಗೇ ನಿಂತರು. "ಹುಲ್ಲು ಹೋಗುತ್ತಲ್ಲೇ," ಎಂದರು.

"ಹೋಗ್ಲಿ. ಬಿತ್ತಿದ್ದೀರಲ್ಲ, ಸಜ್ಜೆ ಬರ್ತಿದೆ. ನಾನು ನೋಡಿದ್ದೀನಿ."

ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಮಾವ ಮೊದಲ ಗೆರೆಯನ್ನು ಕಾಲಿನಲ್ಲಿ ಅಳಿಸಿ ದೊಡ್ಡ ವೃತ್ತ ಎಳೆದರು. ಅತ್ತೆ ಹಗ್ಗದ ತುದಿ ಹಿಡಿದುಕೊಂಡರು. ನಾನು ಟ್ರ್ಯಾಕ್ಟರ್ ಹತ್ತಿ, ವೃತ್ತವನ್ನು ಬಳಸಿ, ಸುತ್ತು ಮುಂದುವರಿಸಿದೆ. ಈಗ ಮುಂದೆ ನಡೆಯುವವರು ಇಬ್ಬರು. ಒಂದೊಂದು ಸುತ್ತಿಗೂ ನಿಂತ ನವಣೆ ಬದುವಿನ ಕಡೆ ತೆಳ್ಳಗಾಯಿತು. ಕೊನೆಯ ಸಾಲುಗಳಲ್ಲಿ ಹುಲ್ಲೇ ಅಲುಗಾಡತೊಡಗಿತು. ಕೊನೆಗೊಮ್ಮೆ ಲಾವಕ್ಕಿಗಳು ಒಂದರ ಹಿಂದೆ ಒಂದು, ಮರಿಗಳನ್ನು ಹಿಂದಿಟ್ಟುಕೊಂಡು, ಕೊರಲೆಯೊಳಗೆ ನುಗ್ಗಿದವು. ಎಣಿಸಲು ಹೋಗಿ ತಪ್ಪಿದೆ. ನಕ್ಕಿದ್ದ ಜೊತೆಗಾರರೇ ಈಗ, ಅಲ್ಲಿ ನೋಡು, ಇಲ್ಲಿ ನೋಡು ಎಂದು ಬದುವಿನ ಮೇಲೆ ಓಡುತ್ತಿದ್ದರು.

ಎಂಜಿನ್ ಆರಿಸಿದೆ. ಟೆಲಿಫೋನಮ್ಮ ಕುರ್ಚಿಯಿಂದ ಎದ್ದು ನನ್ನ ಗಂಡನ ಕೈ ಹಿಡಿದು ಹೊಲಕ್ಕಿಳಿದರು. ಹರವಿದ ಹುಲ್ಲಿನ ಮೇಲೆ ಮೆಲ್ಲಗೆ ಹೆಜ್ಜೆಯಿಡುತ್ತ, ಅಲ್ಲಲ್ಲಿ ನಿಂತು ಕಾಲ ಬಳಿ ತಡವುತ್ತ, ಸಾಲು ಸಾಲು ನಡೆದರು. ಸತ್ತದ್ದೇನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದರು. ಅತ್ತೆಯ ಕೈ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಆಮೇಲೆ ಗುರುತು ಉಳಿದಿತ್ತು. ಟೆಲಿಫೋನಮ್ಮ ನಡುವಿನ ನವಣೆಯ ಹತ್ತಿರ ಬಂದು, ಬಗ್ಗಿ, ಬೆರಳಿಗೆ ಸುಣ್ಣ ಹತ್ತಿಸಿಕೊಂಡರು. ಒಳಗಿನಿಂದ ಹಕ್ಕಿ ಸಣ್ಣಗೆ ಸದ್ದು ಮಾಡಿತು. ನಮಗೆ ಕೇಳಿಸಿತೋ ಇಲ್ಲವೋ, ಅವರಿಗೆ ಕೇಳಿಸಿತು.

"ಹೊಲ ನಿಮ್ದಮ್ಮ," ಎಂದರು ಅತ್ತೆಗೆ. ಬಿಳಿಯಾದ ಬೆರಳನ್ನು ಕಣ್ಣಿನ ಹತ್ತಿರ ಹಿಡಿದು, "ಈ ಗೆರೆ ಎಳ್ದೋರು ಯಾರು?" ಎಂದು ಕೇಳಿದರು.

ಜೊತೆಗಾರರಲ್ಲಿ ಒಬ್ಬ, ನಮ್ಮ ಇಂಚುಪಟ್ಟಿ ಎನ್ನಲು ಬಾಯಿ ತೆರೆದ. ಅದಕ್ಕೆ ಮೊದಲೇ ಅತ್ತೆ ಉತ್ತರ ಕೊಟ್ಟರು.

"ನಮ್ಮನೆಯೋರು."